ಎಲ್ಲಿ ತಿನ್ನೋದು ಅಂತ ಕೇಳಬ್ಯಾಡ್ರಿ, ಎಷ್ಟೊತ್ತಿಗೆ ಅಂತ ಕೇಳ್ರಿ

ನಮ್ಮ ಅಕ್ಕನ ಮಗಳಿಗೆ ಈ ಸಲ ಕೊಪ್ಪಳದ ಮೆಡಿಕಲ್ ಕಾಲೇಜಿನ್ಯಾಗ ಸೀಟು ಸಿಕ್ತು. ಅಕ್ಕ ಮದುವಿ ಆಗಿ ತುಮಕೂರಿಗೆ ಹೋಗಿ ಇಪ್ಪತ್ತು ವರ್ಷದ ಮ್ಯಾಲಾತು, ಹುಡುಗಿ ಅಲ್ಲೇ ಹುಟ್ಟಿ ತಟ್ಟೆ ಇಡ್ಲಿ, ಮುದ್ದಿ, ಬಸ್ಸಾರು ತಿಂದು ಬೆಳದಾಕಿ, ಆದ್ರ ಸಣ್ಣಾಕಿ ಇದ್ದಾಗಿಂದ ಅವರವ್ವನ ಬಾಯಾಗ ಕೊಪ್ಪಳದ ಒಗ್ಗರಣಿ (ನೆನಸಿದ ಮಂಡಕ್ಕಿದು) ಮತ್ತ ಮಿರ್ಚಿ (ಮೆಣಸಿನಕಾಯಿ ಬಜ್ಜಿ) ಕಥಿ ಕೇಳಿ ಕೇಳಿ ಬಂದಾಳ. ಅಡ್ಮಿಶನ್ ಮುಗಿಸಿ ಹೊರಗ ಬರೂದ್ರಾಗ ಹನ್ನೊಂದು ದಾಟಿತ್ತು. "ಮಾಮ, ಫಸ್ಟು ಒಗ್ಗರಣೆ ಮಿರ್ಚಿ" ಅಂದ್ಲು. ನಾನೂ ಹುರುಪಿನಾಗ ಬೈಕ್ ತಿರುವಿ ನಮ್ಮ ಕಾಯಂ ತಳ್ಳುಗಾಡಿ ಕಡೆ ಹೋದ್ರ ಆ ಅಣ್ಣ ಬಾಣಲಿ ಬೋರಲ ಹಾಕಿ ತೊಳಿಯಾಕತ್ತಿದ್ದ. "ಈಗ ಬಂದೀಯಲ್ಲೋ ಮಾರಾಯಾ, ಒಂಬತ್ತೂವರಿಗೇ ಖಾಲಿ" ಅಂದ. ಹೊಟ್ಟಿ ಹಸದೈತಿ, ಕೂಸು ಬ್ಯಾರೆ ಜೊತಿಗೈತಿ, ಅಲ್ಲೇ ಹತ್ರ ಇದ್ದ ಒಂದು ಹೋಟೆಲಿನ್ಯಾಗ ಕುಂತ್ವಿ, ಇಡ್ಲಿ ತಣ್ಣಗಿತ್ತು, ಚಟ್ನಿ ಹುಳಿ ಬಂದಿತ್ತು, ಸಾಂಬಾರ್ ಬಗ್ಗೆ ಮಾತಾಡೂದ ಬ್ಯಾಡ. ರಾತ್ರಿ ಅಕ್ಕನ ಫೋನು. "ಊರ ಊಟ ಅಷ್ಟಕ್ಕಷ್ಟೇ ಅಂತ ಮೆಸೇಜ್ ಹಾಕ್ಯಾಳಲ್ಲೋ, ಏನ್ ತಿನ್ನಿಸಿದಿ ಆಕಿಗೆ?"

ಅವತ್ತು ನನಗ ಆಗಿದ್ದು ಅವಮಾನ, ಬ್ಯಾರೆ ಶಬ್ದ ಇಲ್ಲ. ಅದಕ್ಕ ಇದನ್ನ ಬರಿಯಾಕತ್ತೀನಿ.

ನಂದು ಒಂದು ಜೆರಾಕ್ಸ್ ಅಂಗಡಿ ಐತಿ, ಕಾಲೇಜ್ ಹುಡುಗ್ರ ದಾರ್ಯಾಗ. ದಿನಾ ನೂರಾರು ಮಂದಿ ನೋಟ್ಸು, ಹಾಲ್ ಟಿಕೆಟ್ಟು, ಸ್ಕಾಲರ್‌ಶಿಪ್ ಅರ್ಜಿ ಹಿಡಕೊಂಡು ಬರ್ತಾರ. ಜೂನ್ ಜುಲೈನ್ಯಾಗ ಹೊಸಾ ಮುಖ ಬಂದಾಗ ಕೇಳೋ ಪ್ರಶ್ನಿ ಎರಡು: ರೂಮ್ ಎಲ್ಲಿ ಸಿಗತೈತಿ, ಚಲೋ ಊಟ ಎಲ್ಲಿ ಸಿಗತೈತಿ. ರೂಮಿಂದು ಬ್ರೋಕರ್ ಹೇಳ್ತಾನ. ಊಟದ್ದಕ್ಕ ನಾನು ಇಷ್ಟ ದಿನ ಒಂದೊಂದು ಹೆಸರು ಹೇಳಿ ಕಳಸ್ತಿದ್ದೆ, ಅವ್ರು ಹೋಗಿ ಬಂದು "ಅಷ್ಟೇನ್ ಇಲ್ಲ ಬಿಡ್ರಿ ಅಣ್ಣಾರ" ಅಂತಿದ್ರು, ನಾನು ಇವರ ನಾಲಿಗಿ ಸರಿ ಇಲ್ಲ ಅನ್ಕೊಂತಿದ್ದೆ. ಹುಡುಗಿ ಜೊತಿ ಆ ಹನ್ನೊಂದು ಗಂಟೇದ ಪಜೀತಿ ಆದ ಮ್ಯಾಲೆ ತಲಿಗೆ ಹೊಳೀತು. ನಮ್ಮೂರಾಗ ಬೆಂಗಳೂರು ಹುಬ್ಬಳ್ಳಿ ಹಂಗ ಇಡೀ ದಿನ ಒಂದೇ ಮೆನು ಇಟ್ಕೊಂಡು ಕುಂದ್ರೋ ಹೋಟೆಲ್ ಕಡಿಮಿ. ಇಲ್ಲಿ ಚಲೋ ಅನ್ನೂದೆಲ್ಲ ಒಂದ್ ತಾಸು, ಎರಡ್ ತಾಸಿಂದು. ಅದೇ ಗಾಡಿ, ಅದೇ ಮನುಷ್ಯಾ, ಏಳಕ್ಕ ಹೋದ್ರ ಅಮೃತ, ಹತ್ತಕ್ಕ ಹೋದ್ರ ರಬ್ಬರ್. ಹಂಗಾಗಿ ಹೋಟೆಲ್ ಹೆಸರಿನ ಪಟ್ಟಿ ಕೊಡಂಗಿಲ್ಲ, ಗಡಿಯಾರ ಕೊಡತೀನಿ.

ಮುಂಜಾನಿ ಆರೂವರಿಯಿಂದ ಒಂಬತ್ತು. ಇದು ಒಗ್ಗರಣಿ-ಮಿರ್ಚಿ ಹೊತ್ತು, ಇದರಾಗ ವಾದ ಇಲ್ಲ. ಹೊರಗಿನವ್ರಿಗೆ ಮಿರ್ಚಿ ಅಂದ್ರ ಸಂಜಿ ತಿಂಡಿ, ಮಳಿ ಬಂದಾಗ ಚಾ ಜೊತಿ ತಿನ್ನೂದು. ನಮಗ ಮುಖಾ ತೊಳಕೊಂಡ ಮ್ಯಾಲೆ ಮೊದಲು ಬಾಯಿಗೆ ಹೋಗೂದು. ಹಳ್ಳಿಂದ ಮೊದಲ ಬಸ್ಸಿಗೆ ಇಳಿದ ರೈತರು, ಗೌಂಡಿ ಕೆಲಸದವ್ರು, ಟ್ಯೂಷನ್ ಹುಡುಗ್ರು, ವಾಕಿಂಗ್ ಮುಗಿಸಿದ ರಿಟೈರ್ಡ್ ಮಾಸ್ತರು (ಶುಗರ್ ಐತಿ ಅಂತ ನಡಿಯಾಕ ಬಂದವ್ರು, ನಡದು ಬಂದು ಇಲ್ಲಿ ನಿಂದ್ರತಾರ) ಎಲ್ಲಾರೂ ಒಂದೇ ಗಾಡಿ ಸುತ್ತ. ಕೈಯಾಗ ಪೇಪರ್ ಹಾಸಿದ ಪ್ಲೇಟು, ಅದ್ರಾಗ ಹಳದಿ ಒಗ್ಗರಣಿ, ಮ್ಯಾಲೆ ಪುಠಾಣಿ ಹಿಟ್ಟು, ಬಾಜೂಕ ಎರಡು ಮಿರ್ಚಿ. ನಾನು ಡಿಗ್ರಿ ಓದುವಾಗ ಇಷ್ಟಕ್ಕ ಹನ್ನೆರಡು ರೂಪಾಯಿ ಕೊಡ್ತಿದ್ದೆ, ಈಗ ನಲವತ್ತು ಕೊಡ್ತೀನಿ, ಪ್ಲೇಟ್ ಮಾತ್ರ ಸಣ್ಣದಾಗೈತಿ.

ಒಗ್ಗರಣಿ ಸರಳ ಅನಸ್ತೈತಿ, ಸರಳ ಅಲ್ಲ. ಮಂಡಾಳ, ಅಂದ್ರ ಮಂಡಕ್ಕಿ, ನೀರಾಗ ಹಾಕಿ ತಗಿಯೂದು ಕಣ್ಣು ಮಿಟಕಸೂದ್ರಾಗ ಆಗಬೇಕು, ಎರಡು ಸೆಕೆಂಡ್ ಹೆಚ್ಚಾತು ಅಂದ್ರ ಮುದ್ದಿ, ಕಡಿಮಿ ಆತು ಅಂದ್ರ ಹಲ್ಲಿಗೆ ಚುರುಕ್ ಚುರುಕ್. ಎರಡೂ ಕೈಯಾಗ ಒತ್ತಿ ಹಿಂಡಬೇಕು, ಆದ್ರ ಕಾಳು ಒಡೀಬಾರದು. ಆಮ್ಯಾಲೆ ಎಣ್ಯಾಗ ಸಾಸಿವಿ ಜೀರಗಿ ಶೇಂಗಾ ಕರಿಬೇವು, ಹೆಚ್ಚಿದ ಉಳ್ಳಾಗಡ್ಡಿ, ಕುಟ್ಟಿದ ಹಸಿಮೆಣಸಿನಕಾಯಿ, ಅರಿಶಿಣ, ಹುಣಸಿ ಹುಳಿನೋ ನಿಂಬಿ ಹಣ್ಣೋ ಅವರವರ ಪದ್ಧತಿ. ನನ್ನ ಕೇಳಿದ್ರ ಹುಣಸಿ. ನಿಂಬಿಹಣ್ಣಿನ ಒಗ್ಗರಣಿ ಬಿಸಿ ಇದ್ದಾಗ ಚಲೋ, ಅರ್ಧ ತಾಸು ಬಿಟ್ರ ಕಹಿ ಹೊಡಿತೈತಿ. ಹತ್ತು ಗಂಟೆಕ್ಕ ಯಾಕ ಹೋಗಬಾರ್ದು ಅನ್ನೂದಕ್ಕ ಇದೇ ಕಾರಣ. ದೊಡ್ಡ ಬಾಣಲ್ಯಾಗ ಒಂದೇ ಸಲ ಕಲಸಿಟ್ಟ ಒಗ್ಗರಣಿ ಕೆಳಗಿನ ಶಾಖಕ್ಕ ಒಣಗ್ಕೊಂತ ಹೋಗಿರತೈತಿ, ಅಂವ ಮ್ಯಾಲೆ ನೀರು ಚಿಮಕಿಸಿ ಮತ್ತ ಕೈಯಾಡಸ್ತಾನ, ಅಲ್ಲಿಗೆ ಮುಗೀತು.

ಮಿರ್ಚಿದು ಇನ್ನೊಂದು ಗುಟ್ಟು. ಉದ್ದನ್ನ ತಿಳಿ ಹಸಿರು ಮೆಣಸಿನಕಾಯಿ ಸೀಳಿ ಒಳಗ ಅಜವಾನ, ಉಪ್ಪು, ಒಂದೀಟು ಹುಣಸಿ ಹಚ್ಚಿ ಇಟ್ಟಿದ್ರ ಅದು ಮನಸಿಟ್ಟು ಮಾಡಿದ ಮಿರ್ಚಿ. ಸುಮ್ನ ಹಿಟ್ಟಿನ್ಯಾಗ ಅದ್ದಿ ಎಣ್ಣಿಗೆ ಒಗದಿದ್ರ ಕಚ್ಚಿದ ಕೂಡ್ಲೇ ಗೊತ್ತಾಗತೈತಿ, ಮೆಣಸಿನಕಾಯಿ ಒಂದು ಕಡೆ, ಹಿಟ್ಟು ಒಂದು ಕಡೆ ಬರತೈತಿ. ಸೋಡಾ ಹೆಚ್ಚು ಹಾಕಿದ್ರ ಸ್ಪಂಜಿನಂಗ ಎಣ್ಣಿ ಕುಡದಿರತೈತಿ. ಹೊಸಾ ಗಾಡಿಗೆ ಹೋದ್ರ ನಾನು ಮೊದಲು ಒಂದೇ ತಗೋತೀನಿ, ಪೇಪರ್ ಮ್ಯಾಲಿಟ್ಟು ಒತ್ತತೀನಿ. ಪೇಪರ್ ಹೇಳತೈತಿ.

ಅಂದಹಾಗ ಈ ಹೆಸರಿನ ಜಗಳ. ಮಂಡಾಳ, ಮಂಡಕ್ಕಿ, ಚುರುಮುರಿ ಎಲ್ಲಾ ಒಂದೇ, ಕೆಲವು ಕಡೆ ಈ ಒಗ್ಗರಣಿಗೆ ಸೂಸಲಾ ಅಂತಾರ, ಹುಬ್ಬಳ್ಳಿ ಧಾರವಾಡದವ್ರು ಗಿರಮಿಟ್ಟು ಅಂತ ಬ್ಯಾರೆ ಒಂದು ಮಾಡಿ ನಮ್ಮದೇ ದೊಡ್ಡದು ಅಂತಾರ. ಗಿರಮಿಟ್ಟಿನ್ಯಾಗ ಮಂಡಾಳ ನೆನಸಂಗಿಲ್ಲ, ಗೊಜ್ಜು ಕಲಸಿ ಕೊಡತಾರ, ಅದು ಸಂಜಿಗೆ ಆಗತೈತಿ, ಮುಂಜಾನಿಗೆ ಆಗಂಗಿಲ್ಲ. ನಮ್ಮ ಹುಡುಗಿ ಮಾತ್ರ ಇವತ್ತಿಗೂ "ಪುರಿ ಉಪ್ಪಿಟ್ಟು" ಅಂತಾಳ, ತುಮಕೂರಿನ ಸಂಸ್ಕಾರ, ಏನ್ ಮಾಡೂದು.

ಹನ್ನೆರಡೂ ಮುಕ್ಕಾಲಿನಿಂದ ಒಂದೂವರಿ. ಖಾನಾವಳಿ. ಈ ಮುಕ್ಕಾಲು ತಾಸು ಬಾಳ ಮುಖ್ಯ, ಯಾಕಂದ್ರ ಒಂದೂವರಿ ಆದ ಮ್ಯಾಲೆ ಡಿಸಿ ಆಫೀಸು, ಕೋರ್ಟು, ಬ್ಯಾಂಕಿನ ಮಂದಿ ಬಂದು ತುಂಬ್ಕೋತಾರ. ಕೊಪ್ಪಳ 1997ರಾಗ ರಾಯಚೂರಿಂದ ಬ್ಯಾರೆ ಆಗಿ ಜಿಲ್ಲಾ ಆತು, ಆಮ್ಯಾಲೆ ಆಫೀಸು ಹೆಚ್ಚಾದಂಗ ಖಾನಾವಳಿನೂ ಹೆಚ್ಚಾದುವು ಅಂತ ಹಿರಿಯರು ಹೇಳ್ತಾರ. ಬೋರ್ಡ್ ನೋಡಿ ಆರಿಸಾಕ ಹೋಗಬ್ಯಾಡ್ರಿ, ಎಲ್ಲಾ ಬೋರ್ಡಿನ್ಯಾಗೂ ಒಬ್ಬ ದೇವ್ರು ಅದಾನ, ಎಲ್ಲಾದ್ರ ಕೆಳಗೂ "ಬಿಸಿ ಬಿಸಿ ಜೋಳದ ರೊಟ್ಟಿ ಊಟ" ಅಂತ ಬರದಿರತೈತಿ. ಬಾಗಲ ಹೊರಗ ನಿಂತು ಕಿವಿ ಕೊಡ್ರಿ. ಒಳಗಿಂದ ರೊಟ್ಟಿ ಬಡಿಯೋ ಸಪ್ಪಳ ಕೇಳಿದ್ರ ಒಳಗ ಹೋಗ್ರಿ. ಸಪ್ಪಳ ಇಲ್ಲ ಅಂದ್ರ ರೊಟ್ಟಿ ಮುಂಜಾನಿನ ಬಡದು ಬುಟ್ಟ್ಯಾಗ ಮುಚ್ಚಿಟ್ಟಾರ ಅಂತ ಅರ್ಥ.

ತಾಟು ಹೆಂಗಿರಬೇಕು ಅಂದ್ರ: ಎರಡು ಬಿಸಿ ರೊಟ್ಟಿ, ಎಣಗಾಯಿ, ಒಂದು ಕಾಳಿನ ಪಲ್ಯ (ಹೆಸರೋ ಮಡಿಕಿಯೋ), ಒಂದು ಸೊಪ್ಪು, ಶೇಂಗಾ ಚಟ್ನಿ ಇಲ್ಲಾ ಗುರೆಳ್ಳು ಚಟ್ನಿ, ಕೆಂಪು ಖಾರ, ಮೊಸರು, ಹಸಿ ಉಳ್ಳಾಗಡ್ಡಿ, ಸೌತಿಕಾಯಿ, ಮ್ಯಾಲೆ ನಾಕು ಎಸಳು ಹಸಿ ಮೆಂತೆ. ಪುಂಡಿಪಲ್ಯ ಇದ್ದ ದಿನ ನಾನು ಅನ್ನ ಮುಟ್ಟಂಗಿಲ್ಲ. ರೊಟ್ಟಿ ಎಷ್ಟು ಬೇಕಾದ್ರೂ ಹಾಕ್ತಾರ ಕೆಲವು ಕಡೆ, ಕೆಲವು ಕಡೆ ಎರಡಾದ ಮ್ಯಾಲೆ ರೊಕ್ಕ, ಕುಂದ್ರೂಕಿಂತ ಮೊದಲ ಕೇಳ್ರಿ. ಎರಡೂ ಕಾಲು ಆತು ಅಂದ್ರ ಬದನಿಕಾಯಿ ತೀರಿ ಬರೇ ಎಣ್ಣಿ ಉಳದಿರತೈತಿ, ಬ್ಯಾಳಿಗೆ ನೀರು ಬಿದ್ದಿರತೈತಿ, ಬಡಿಯೋ ಅಕ್ಕಾರು ಕೈ ತೊಳಕೊಂಡು ತಾವು ಉಣ್ಣಾಕ ಕುಂತಿರತಾರ. ಅವರನ್ನ ಎಬ್ಬಿಸಿ ಇನ್ನೊಂದು ರೊಟ್ಟಿ ಕೇಳೋ ಮಂದೀನ್ನ ನೋಡೀನಿ, ಅವ್ರಿಗೆ ಏನ್ ಹೇಳೂದು.

ರೊಟ್ಟಿ ಬಗ್ಗೆ ಇನ್ನೊಂದು ಮಾತು. ನಮ್ಮ ಯಲಬುರ್ಗಾ ಕುಕನೂರು ಕಡೆ ಯರಿ (ಕರಿಮಣ್ಣಿನ) ಹೊಲದಾಗ ಹಿಂಗಾರಿ ಬಿಳಿಜೋಳ ಬಿತ್ತತಾರ, ದಸರಾ ಹಿಂದಮುಂದ ಬಿತ್ತಿದ್ದು ಸಂಕ್ರಾಂತಿ ದಾಟಿ ಶಿವರಾತ್ರಿ ಹೊತ್ತಿಗೆ ಕೈಗೆ ಬರತೈತಿ. ಹೊಸ ಜೋಳದ ರೊಟ್ಟಿಗೆ ಒಂದು ಸಿಹಿ ಇರತೈತಿ. ಹಿಟ್ಟು ಬೀಸಿ ಎಷ್ಟು ದಿನ ಆತು ಅನ್ನೂದೂ ಅಷ್ಟೇ ಮುಖ್ಯ, ಹಳೇ ಹಿಟ್ಟಿಗೆ ಜಿಗಿ ಇರಂಗಿಲ್ಲ, ಎಷ್ಟು ಬಿಸಿನೀರು ಹಾಕಿ ನಾದಿದ್ರೂ ಬಡಿವಾಗ ಅಂಚು ಸೀಳತೈತಿ. ಅಂಚು ಒಡದ ರೊಟ್ಟಿ ಬಂತು ಅಂದ್ರ ಬಡಿಯೋರ ತಪ್ಪಲ್ಲ, ಮಾಲಕ ತಿಂಗಳಿಗೊಮ್ಮೆ ಗಿರಣಿಗೆ ಹೋಗ್ತಾನ ಅಂತ ತಿಳಕೋರಿ.

ನಾನು ಬಿಎಸ್ಸಿ ಎರಡನೇ ವರ್ಷ ಇದ್ದಾಗ ಒಂದು ಖಾನಾವಳ್ಯಾಗ ತಿಂಗಳ ಲೆಕ್ಕಕ್ಕ ಊಟ ಹಚ್ಚಿದ್ದೆ. ಹಾಳಿ ಅಂಚಿಗೆ ಸಾರು ಹತ್ತಿದ ಒಂದು ಉದ್ದ ನೋಟ್‌ಬುಕ್ಕು, ಅದ್ರಾಗ ನಮ್ಮ ಹೆಸರು ಮುಂದ ಗೀಟು ಎಳೀತಿದ್ರು, ಮುಂಜಾನಿ ಒಂದು ಗೀಟು, ರಾತ್ರಿ ಒಂದು ಗೀಟು. ಆ ವರ್ಷ ಮಳಿ ಹೋತು, ಅಪ್ಪ ರೊಕ್ಕ ಕಳಸಲಿಲ್ಲ, ನಾನು ಮೂರು ತಿಂಗಳ ಗೀಟು ಹಂಗ ಬಿಟ್ಟಿದ್ದೆ. ಖಾನಾವಳಿ ಅವ್ವಾರು ಒಂದ್ ದಿನ ಕರದ್ರು, ಇವತ್ತು ಮರ್ಯಾದಿ ಹೋತು ಅನ್ಕೊಂಡು ಹೋದೆ. "ಪರೀಕ್ಷಾ ಅಂತಲ್ಲೋ, ರಾತ್ರಿ ಯಾಕ ಉಣ್ಣಾಕ ಬರವಲ್ಲಿ, ಗೀಟು ಎಳಿಯೂದ ಬಿಡತೀನಿ ಬಾ" ಅಂದ್ರು. ನಾನು ರಾತ್ರಿ ತಪ್ಪಸ್ತಿದ್ದೆ ಬಾಕಿ ಕಡಿಮಿ ಆಗಲಿ ಅಂತ, ಅದು ಅವ್ರಿಗೆ ಗೊತ್ತಾಗಿತ್ತು. ಸ್ಕಾಲರ್‌ಶಿಪ್ ಬಂದದ್ದು ಪರೀಕ್ಷಾ ಮುಗಿದ ಮ್ಯಾಲೆ, ಹೋಗಿ ಲೆಕ್ಕ ಮಾಡ್ರಿ ಅಂದ್ರ ನೋಟ್‌ಬುಕ್ ತಗದು ನೋಡಿ ಎರಡು ತಿಂಗಳಿಂದಷ್ಟೇ ಹೇಳಿದ್ರು. ನಾನೂ ಬಾಯಿ ಬಿಡಲಿಲ್ಲ, ಒಪ್ಪಕೋತೀನಿ, ಅವತ್ತು ನನ್ನ ಹತ್ರ ಅಷ್ಟೇ ಇತ್ತು. ಆ ಖಾನಾವಳಿ ಈಗಿಲ್ಲ, ಆ ಜಾಗದಾಗ ಮೊಬೈಲ್ ಅಂಗಡಿ ಐತಿ. ಅಲ್ಲಿ ರಿಚಾರ್ಜ್ ಮಾಡಸ್ವಾಗ ಒಮ್ಮೊಮ್ಮಿ ಎಣಗಾಯಿ ವಾಸನಿ ಬಂದಂಗ ಆಗತೈತಿ, ಬರೇ ಭ್ರಮಾ.

ಎರಡೂವರಿಯಿಂದ ನಾಕೂವರಿ ಊರು ಮಲಗಿರತೈತಿ. ಈ ಹೊತ್ತಿನ್ಯಾಗ ಯಾರರೆ ಊಟ ಎಲ್ಲಿ ಅಂತ ಕೇಳಿದ್ರ ಬೇಕರಿ ಅಂತೀನಿ. ಎಗ್ ಪಫ್ಸು, ಖಾರಾ ಬನ್ನು, ಮುಗೀತು. ಬೇಸಗ್ಯಾಗಂತೂ ನಲವತ್ತು ಡಿಗ್ರಿ ದಾಟಿರತೈತಿ, ತಿನ್ನೂದ ಬ್ಯಾಡ ಅನಸ್ತೈತಿ, ಕುಡಿಯೂದ ಬೇಕು. ಕಬ್ಬಿನ ಹಾಲಿನ್ಯಾಗ ಹಸಿ ಶುಂಠಿ, ನಿಂಬಿ ಹಾಕಸ್ರಿ, ಐಸ್ ಬ್ಯಾಡ ಅನ್ರಿ, ಆ ಐಸಿನ ನೀರು ಯಾವ್ದು ಅನ್ನೂದು ದೇವ್ರಿಗೇ ಗೊತ್ತು. ನಿಂಬಿ ಸೋಡಾ ಉಪ್ಪು ಹಾಕಿದ್ದು ಕುಡೀರಿ, ಸಕ್ರಿ ಹಾಕಿದ್ದು ಬ್ಯಾಡ. ಎಲ್ಲಕ್ಕೂ ಮೇಲು ಅಂದ್ರ ಮಡಿಕ್ಯಾಗಿಟ್ಟು ಮಾರೋ ಮಜ್ಜಿಗಿ, ಶುಂಠಿ ಕೊತ್ತಂಬರಿ ಜಜ್ಜಿ ಹಾಕಿದ್ದು. ಮೇ ತಿಂಗಳು ಊರಾಗಿದ್ರ ತೋಟಗಾರಿಕಿ ಇಲಾಖೆಯವ್ರು ಮಾವಿನ ಮೇಳ ಹಚ್ಚತಾರ, ನಮ್ಮ ಜಿಲ್ಲೆದ ಕೇಸರ್ ಹಣ್ಣು ಅಲ್ಲೇ ರೈತರ ಕೈಯಿಂದ ಸಿಗತೈತಿ, ಹಾಸ್ಟೆಲಿನ್ಯಾಗ ನಾಕು ಮಂದಿ ಕೂಡಿ ಒಂದು ಪೆಟಗಿ ತರ್ರಿ, ಒಂದೊಂದು ಕೆಜಿ ತಂದ್ರ ರೂಮ್‌ಮೇಟ್ ಮುಗಿಸಿರ್ತಾನ.

ಐದರಿಂದ ಏಳೂವರಿ. ಜವಾಹರ ರಸ್ತಾದಾಗ ಜನ ನಡಿಯಾಕ ಜಾಗಾ ಇರಂಗಿಲ್ಲ. ಮತ್ತ ಮಿರ್ಚಿ, ಆದ್ರ ಈಗ ಒಗ್ಗರಣಿ ಇಲ್ಲ, ಬರೇ ಮಿರ್ಚಿ, ಅಲಸಂದಿ ವಡಿ, ಆಲೂ ಬೋಂಡಾ. ಕಾಲೇಜ್ ಹುಡುಗ್ರಿಗೆ ಗೋಬಿ ಮಂಚೂರಿ, ಎಗ್ ರೈಸ್, ಪಾನಿಪುರಿ. ಗೋಬಿ ಬಗ್ಗೆ ನನ್ನ ಅಭಿಪ್ರಾಯ ಯಾರೂ ಕೇಳಿಲ್ಲ, ಆದ್ರೂ ಹೇಳತೀನಿ: 2024ರಾಗ ಸರ್ಕಾರ ಗೋಬಿಗೆ ಕೆಂಪು ಬಣ್ಣ ಹಾಕೂದನ್ನ ನಿಷೇಧ ಮಾಡಿದ ಮ್ಯಾಲೆ ಅದು ಮೊದಲಿಗಿಂತ ರುಚಿ ಆಗೈತಿ, ಯಾಕಂದ್ರ ಈಗ ಬಣ್ಣದ ಬದಲಿ ಖಾರ ಹಾಕ್ತಾರ. ಎಗ್ ರೈಸ್ ಗಾಡ್ಯಾಗ ಏಳೂವರಿ ಒಳಗ ತಿನ್ರಿ, ರಾತ್ರಿ ಹತ್ತಕ್ಕ ಅಂವ ಮಧ್ಯಾಹ್ನದ ಅನ್ನ ಮುಗಸೋ ಅವಸರದಾಗ ಇರತಾನ. ನಾನು ಓದುವಾಗ ಒಮ್ಮೆ ಬಸ್‌ಸ್ಟ್ಯಾಂಡ್ ಬಾಜೂಕ ಹಂಗ ತಿಂದು ಮರುದಿನ ಕೆಮಿಸ್ಟ್ರಿ ಪ್ರಾಕ್ಟಿಕಲ್ ಬಿಟ್ಟು ಇಡೀ ದಿನ ಎಲ್ಲಿ ಕುಂತಿದ್ದೆ ಅನ್ನೂದನ್ನ ಬರಿಯಂಗಿಲ್ಲ.

ಈ ಹೊತ್ತಿನ್ಯಾಗ ನನಗ ಇಷ್ಟ ಅಂದ್ರ ಮಿರ್ಚಿ ಕಟ್ಟಿಸ್ಕೊಂಡು ಗವಿಮಠದ (ಗವಿಸಿದ್ದೇಶ್ವರ ಮಠದ) ಕಡೆ ಹೋಗೂದು. ಮಠದ ಗುಡ್ಡದ ಬಂಡೆಗಲ್ಲಿನ ಮ್ಯಾಲೆ ಅಶೋಕನ ಶಾಸನ ಐತಿ, ಇನ್ನೊಂದು ಪಾಲ್ಕಿಗುಂಡಿನ ಮ್ಯಾಲೆ, ಎರಡು ದೊಡ್ಡ ಬಂಡಿ ಮ್ಯಾಲೆ ಒಂದು ಹಾಸುಗಲ್ಲು ಛತ್ರಿ ಹಂಗ ಕುಂತೈತಿ, ಅದರ ಕೆಳಗ. ಎರಡು ಸಾವಿರ ವರ್ಷದ ಹಿಂದ ಅಶೋಕನ ಕಡಿಯೋರು ಇಲ್ಲಿ ಕುಂತು ಅಕ್ಷರ ಕೆತ್ತುವಾಗ ಏನ್ ತಿಂತಿದ್ರೋ ಪಾಪ, ಮೆಣಸಿನಕಾಯಿ ಅಂತೂ ಇರಲಿಲ್ಲ, ಅದು ಪೋರ್ಚುಗೀಸರು ಬಂದ ಮ್ಯಾಲೆ ಬಂದಿದ್ದು. ಮಿರ್ಚಿ ಇಲ್ದ ಕೊಪ್ಪಳ ಹೆಂಗಿತ್ತೋ. ಅಲ್ಲಿ ಹೋದ್ರ ಎಣ್ಣಿ ಪೇಪರ್ ವಾಪಸ್ ತರ್ರಿ, ಶಾಸನದ ಬುಡಕ್ಕ ಒಗದು ಬರಬ್ಯಾಡ್ರಿ.

ಮಠ ಅಂದ ಮ್ಯಾಲೆ ದಾಸೋಹದ ಮಾತು ಬರಲೇಬೇಕು. ತಿಂಗಳ ಕಡೀಕ ರೊಕ್ಕ ಮುಗದಾಗ ನಮ್ಮ ಕಾಲದ ಅರ್ಧ ಕಾಲೇಜು ಅಲ್ಲೇ ಉಂಡಿದ್ದು. ಯಾರು, ಎಲ್ಲಿಂದ, ಯಾವ ಜಾತಿ ಅಂತ ಕೇಳಂಗಿಲ್ಲ, ಸಾಲಿನ್ಯಾಗ ಕುಂದ್ರೂದು, ಉಣ್ಣೂದು, ತಾಟು ತೊಳಿಯೂದು. ಹಳ್ಳಿ ಬಡವರ ಮಕ್ಕಳಿಗೆ ಮಠದ್ದೇ ಪ್ರಸಾದ ನಿಲಯ ಐತಿ, ಸಾವಿರಗಟ್ಟಲೆ ಹುಡುಗ್ರು ಅಲ್ಲಿದ್ದು ಓದ್ಯಾರ. ಜನವರಿ ಸುಮಾರಿಗೆ ಜಾತ್ರಿ ಬಂತು ಅಂದ್ರ ಊರಾಗ ಹೋಟೆಲ್ ಪ್ರಶ್ನಿನೇ ಇಲ್ಲ, ದಿನಗಟ್ಟಲೆ ಮಹಾದಾಸೋಹ. ಸುತ್ತಲ ಹಳ್ಳಿ ಹೆಣ್ಣುಮಕ್ಕಳು ವಾರಗಟ್ಟಲೆ ಮೊದಲ ರೊಟ್ಟಿ ಬಡದು ಒಣಗಿಸಿ ಇಟ್ಟಿರತಾರ, ಟ್ರ್ಯಾಕ್ಟರ್ ತುಂಬ, ಬಂಡಿ ತುಂಬ, ಡೊಳ್ಳು ಬಾರಿಸ್ಕೊಂತ ಮೆರವಣಿಗಿ ಮಾಡಿ ತರತಾರ, ರೊಟ್ಟಿ ಬಣವಿ ಅಂದ್ರ ನಿಮಗ ನಗು ಬರಬಹುದು, ಬಂದು ನೋಡ್ರಿ, ಗ್ವಾಡಿ ಹಂಗ ಒಟ್ಟಿರತಾರ. ತೇರು ಎಳದ ಮರುದಿನ ಮಿರ್ಚಿ. ಲಕ್ಷಗಟ್ಟಲೆ ಮಿರ್ಚಿ, ಸಾಲಾಗಿ ಬಾಣಲಿ ಇಟ್ಟು ನೂರಾರು ಮಂದಿ ಕೂಡಿ ಕರಿಯೂದು, ಪಕ್ಕದ ಊರಿಂದೆಲ್ಲ ಹುಡುಗ್ರು ಸೇವಾ ಅಂತ ಬಂದು ಮೆಣಸಿನಕಾಯಿ ಸೀಳತಾರ. ನಾನೂ ಒಂದ್ ವರ್ಷ ಹೋಗಿದ್ದೆ, ಎರಡು ತಾಸು ಸೀಳಿ ಆ ಕೈಲೇ ಕಣ್ಣು ಉಜ್ಜಿಕೊಂಡೆ. ಸೇವಾ ಅಲ್ಲಿಗೆ ಮುಗೀತು.

ಮಾಂಸದ ಊಟದ್ದು ಚುಟುಕಾಗಿ ಹೇಳಿ ಬಿಡತೀನಿ, ಯಾಕಂದ್ರ ಮನ್ಯಾಗ ಓದ್ತಾರ. ರೈಲು ಹಳಿ ದಾಟಿದ್ರ ಭಾಗ್ಯನಗರ, ನೇಕಾರರ ಊರು, ಸಾವಜಿ ಊಟ ಬೇಕು ಅಂದ್ರ ಆ ಕಡೆ ಹೋಗ್ರಿ, ಖೀಮಾ ಉಂಡಿ ರೊಟ್ಟಿ, ರವಿವಾರ ಒಂದು ಗಂಟೆ ಒಳಗ, ಆಮ್ಯಾಲೆ ಬರೇ ರಸಾ. ಬಿರಿಯಾನಿಗೆ ಮಧ್ಯಾಹ್ನನ ಹೋಗ್ರಿ, ರಾತ್ರಿದು ಮಧ್ಯಾಹ್ನದ್ದೇ. ನಾವು 1948ರ ತನಕ ನಿಜಾಮನ ಕಡೆ ಇದ್ದವ್ರು, ಹಂಗಾಗಿ ರಂಜಾನ್ ತಿಂಗಳಾಗ ಸಂಜಿ ರೋಜಾ ಬಿಡೋ ಹೊತ್ತಿಗೆ ಮಸೂತಿ ಓಣ್ಯಾಗ ಸಮೋಸಾ, ಹಲೀಮ್ ಗಾಡಿ ನಿಂತಿರತಾವು, ಉಪವಾಸ ಇದ್ದವ್ರು ಮೊದಲು ತಿನ್ನಲಿ, ನೀವು ಕಾಲು ತಾಸು ಬಿಟ್ಟು ಹೋಗ್ರಿ. ಬಾರ್ ಬಗ್ಗೆ ಬರಿಯಂಗಿಲ್ಲ. ಅದಕ್ಕ ದಾರಿ ಹೇಳೋರು ಬೇಕಿಲ್ಲ, ಹುಡುಗ್ರು ತಾವ ಹುಡಕ್ತಾರ.

ರಾತ್ರಿ. ಹುಬ್ಬಳ್ಳಿಂದ ಹಂಪಿ ಎಕ್ಸ್‌ಪ್ರೆಸ್ ಬಂದು ಹೋದ ಮ್ಯಾಲೆ ಸ್ಟೇಷನ್ ಕಡೆ ಚಾ ಅಂಗಡಿ ಮಬ್ಬಾಗತಾವು, ಬಸ್‌ಸ್ಟ್ಯಾಂಡ್ ಕಡೆ ಎದ್ದು ಕುಂದ್ರತಾವು. ಬೆಂಗಳೂರು ಸ್ಲೀಪರ್ ಬಸ್ಸು ಹೊಂಡೋ ಹೊತ್ತು ಹೊಸಾ ಹಾಲು, ಹೊಸಾ ಪುಡಿ ಬೀಳತೈತಿ, ಡ್ರೈವರ್‌ಗಳಿಗೆ ಸಪ್ಪನ ಚಾ ಕೊಟ್ರ ಅವ್ರು ಅಲ್ಲೇ ಬೈತಾರ. ಅವಾಗ ಹೋಗಿ ಬೈಟೂ ಹೇಳ್ರಿ. ಬೆಲ್ಲದ ಚಾ, ತಂದೂರಿ ಚಾ ಅಂತ ಈಗ ಏನೇನೋ ಬಂದಾವು, ಮಣ್ಣಿನ ಕಪ್ಪು, ಗ್ವಾಡಿ ಮ್ಯಾಲೆ ಲೈಟು, ಹುಡುಗ್ರು ಫೋಟೋ ತಗೋತಾರ, ತಗೊಳ್ಳಲಿ, ಚಾ ಮಾತ್ರ ಬಸ್‌ಸ್ಟ್ಯಾಂಡಿಂದೇ.

ಊರ ಹೊರಗಿಂದು ಅಂದ್ರ ನಮ್ಮ ಕಾಲದಾಗ ರೊಕ್ಕ ಇದ್ದ ಹುಡುಗ್ರು ಶನಿವಾರ ಬೈಕ್ ಹತ್ತಿ ಗಂಗಾವತಿ ದಾಟಿ, ಹಂಪಿ ಎದುರಿನ ನಡುಗಡ್ಡಿ ವಿರೂಪಾಪುರಗಡ್ಡಿಗೆ ಹೋಗೋರು, ಫಾರಿನ್‌ನವ್ರು ನೆಲದ ಮ್ಯಾಲೆ ಗಾದಿ ಹಾಕ್ಕೊಂಡು ಕುಂತಿರೋರು, ಪಿಜ್ಜಾ, ಹಮ್ಮಸ್ ಅಂತ ನಾನು ಮೊದಲ ಸಲ ಕೇಳಿದ್ದು ಅಲ್ಲೇ, ಕಡ್ಲಿ ರುಬ್ಬಿ ಎಣ್ಣಿ ಹಾಕಿ ಕೊಟ್ಟಿದ್ದಕ್ಕ ಅಷ್ಟು ರೊಕ್ಕ ಯಾಕ ಅಂತ ಜಗಳಾ ತಗದಿದ್ದೆ. 2020ರಾಗ ಸುಪ್ರೀಂ ಕೋರ್ಟ್ ಆದೇಶ ಆಗಿ ಅಲ್ಲಿನ ರೆಸಾರ್ಟ್ ಎಲ್ಲಾ ಕೆಡವಿದ್ರು, ಈಗ ಸಾಣಾಪುರ ಆನೆಗೊಂದಿ ಕಡೆ ಚದರಿ ಹೋಗ್ಯಾವು. ಹುಲಿಗಿಗೆ ಮಂಗಳವಾರ, ಶುಕ್ರವಾರ, ಹುಣ್ಣಿಮಿಗೆ ಹೋದ್ರ ಹುಲಿಗೆಮ್ಮನ ಗದ್ದಲ, ತಿನ್ನಾಕ ಬರೇ ಮಂಡಾಳ ಬೆಂಡು-ಬತ್ತಾಸು. ಅದ್ರ ಬದಲಿ ಡಿಸೆಂಬರ್ ಜನವರ್ಯಾಗ ಹೊಲ ಇರೋ ಒಬ್ಬ ಗೆಳ್ಯಾನ್ನ ಹಿಡೀರಿ, ಜೋಳದ ಎಳೇ ತೆನಿ ಕುಳ್ಳಿನ ಬೆಂಕ್ಯಾಗ ಸುಟ್ಟು ತಿಕ್ಕಿ ಸೀತನಿ ಮಾಡಿ ಕೊಡ್ತಾರ, ಬೆಲ್ಲ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಇದು ಯಾವ ಹೋಟೆಲಿನ್ಯಾಗೂ ಸಿಗಂಗಿಲ್ಲ, ಸಿಗಬಾರದು ಕೂಡ, ಬೆಂಕಿ ಬಾಜೂಕ ಕುಂತು ಅಂಗೈ ಸುಟಗೊಂಡು ತಿಂದ್ರನ ಅದು.

ಹುಡುಗಿಗೆ ಇದನ್ನೆಲ್ಲ ಒಂದು ಹಾಳಿ ಮ್ಯಾಲೆ ಬರದು, ಜೆರಾಕ್ಸ್ ಮಾಡಿ (ನನ್ನ ಅಂಗಡಿನೇ ಅಲ್ಲ) ಕೊಟ್ಟೆ. ಆಕಿ ನಕ್ಕು ಪುಸ್ತಕದಾಗ ಇಟ್ಕೊಂಡ್ಲು. ಎರಡು ತಿಂಗಳು ಆಕಿ ಸುದ್ದಿ ಇಲ್ಲ, ಅನಾಟಮಿ ಅನ್ಕೋತ ಮುಳುಗಿದ್ಲು. ಹೋದ ರವಿವಾರ ಮುಂಜಾನಿ ಏಳು ಗಂಟೆಕ್ಕ ಫೋನು, ನಾನು ಇನ್ನೂ ಹಾಸಿಗ್ಯಾಗ.

"ಮಾಮ, ಎದ್ದಿದೀರಾ? ನಾವು ಆರು ಜನ ಗಾಡಿ ಹತ್ರ ಇದೀವಿ. ಬೇಗ ಬನ್ನಿ, ಮಿರ್ಚಿ ಖಾಲಿ ಆಗ್ತಿದೆ."

ಅಂಗಿ ಸಿಗಿಸ್ಕೊಂಡು ಹೋಗೂದ್ರಾಗ ಏಳೂವರಿ. ಒಗ್ಗರಣಿ ಇತ್ತು, ಮಿರ್ಚಿ ಎರಡನೇ ಘಾಣ ಇನ್ನೂ ಎಣ್ಣಿಗೆ ಬಿದ್ದಿರಲಿಲ್ಲ. ಆ ಅಣ್ಣ ನನ್ನ ನೋಡಿ "ನಿಮ್ಮ ಸೊಸಿಗೆ ಗೊತ್ತೈತಿ, ನಿನಗ ಗೊತ್ತಿಲ್ಲಲ್ಲೋ" ಅಂದ. ಆಕಿ ತನ್ನ ಪ್ಲೇಟಿನ ಅರ್ಧ ಮಿರ್ಚಿ ಮುರದು ಕೊಟ್ಲು. ಒಳಗ ಅಜವಾನ ಇತ್ತು.